ನೀಲಿ ಬಾಟ್ಲಿಯ ಚೂರು

ಟಿಣ್...

ರಾತ್ರಿ ಹನ್ನೊಂದೂವರೆಗೆ ಕುಲುಮೆಯೊಳಗಿಂದ ಬಂದ ಆ ಸಣ್ಣ ಸದ್ದಿಗೆ ಅವಳು ಬೆಚ್ಚಿದಳು. ಬೆರಳಷ್ಟು ಎತ್ತಿದ್ದ ಮುಚ್ಚಳವನ್ನು ತಟ್ಟನೆ ಇಳಿಸಿದಳು.

ಒಡೆದೇ ಹೋಯಿತು!

"ಶಾಖದ ಮುಳ್ಳು ಐವತ್ತಕ್ಕೆ ಇಳಿಯೋವರೆಗೂ ಯಾರೂ ಮುಚ್ಚಳ ಮುಟ್ಟಬೇಡಿ. ಬಿಸಿ ಗಾಜಿಗೆ ತಣ್ಣನೆ ಗಾಳಿ ತಾಗಿದ್ರೆ ಮುಗೀತು," ಎಂದು ಟೀಚರ್ ನೂರು ಸಲ ಹೇಳಿದ್ದರು. ಇಂದು ಕಾವಲಿನ ಸರದಿ ಅವಳದೇ. ಮುಳ್ಳು ಇನ್ನೂ ನೂರ ಎಂಬತ್ತರಲ್ಲಿತ್ತು.

ಬಣ್ಣದ ಗಾಜು ಕತ್ತರಿಸಿ, ಜೋಡಿಸಿ, ಕಾಯಿಸಿ ಒಂದಾಗಿಸುವ ಆರೇ ಜನರ ತರಗತಿ. ಎದುರು ಮೇಜಿನ ಗಡಿಯಾರ ರಿಪೇರಿಯವನು ಅವಳು ಬಂದಾಗಲೆಲ್ಲ ತಾನು ಮಾಡುತ್ತಿದ್ದ ಗಾಜಿನ ತಟ್ಟೆಯನ್ನು ಪೇಪರಿನಿಂದ ಮುಚ್ಚುತ್ತಿದ್ದ. "ಅವಳಿಗೇ ಅಂತ ಮಾಡ್ತಿದ್ದೀನಿ," ಎಂದು ಪಕ್ಕದಲ್ಲೇ ಕಲಿಯುವ ಟೈಲರ್ ಅಂಕಲ್ ಕಿವಿಯಲ್ಲಿ ಅವನು ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತ್ತು.

ಯಾರವಳು? ನಾಳೆ ಕೊನೆಯ ತರಗತಿ. ಇವತ್ತು ನೋಡದಿದ್ದರೆ ಇನ್ನೆಂದೂ...

ಬಾಗಿಲು ಕಿರುಗುಟ್ಟಿತು. ಅವನೇ!

"ರೀ... ಒಳಗಿಂದ ಏನಾದ್ರೂ ಸದ್ದು ಕೇಳಿಸ್ತಾ?"

"ನಾನೇ..." ಅವಳು ಕುಲುಮೆಯತ್ತ ಕೈ ತೋರಿದಳು. "ಮುಚ್ಚಳ ಎತ್ತಿದೆ. ನಿಮ್ಮದೇ ಒಡೆದಿರಬೇಕು. ಅವರಿಗೆ ಕೊಡೋಕೆ ಅಷ್ಟು ಆಸೆಯಿಂದ ಮಾಡಿದ್ರಿ."

"ಯಾರಿಗೆ?"

"ನಂಗೇನು ಗೊತ್ತು! ಟೈಲರ್ ಅಂಕಲ್‌ನ ಕೇಳಿ."

ಅವನು ನಕ್ಕುಬಿಟ್ಟ. ಅವಳಿಗೆ ಅಳು ಬಂತು.

"ಒಡೆದದ್ದು ನೀವಲ್ಲ ಕಣ್ರೀ, ನಾನು. ಮೊದಲ ದಿನ ನಿಮ್ಮ ನೀಲಿ ಗಾಜಿನ ಬಾಟ್ಲಿ ಬಿದ್ದು ಚೂರಾಯ್ತಲ್ಲ? ಗುಡಿಸೋವಾಗ ಒಂದು ಚೂರು ಜೇಬಿಗೆ ಹಾಕ್ಕೊಂಡೆ. ಅದನ್ನೇ ತಟ್ಟೆ ನಡುವೆ ಇಟ್ಟೆ. ಬಾಟ್ಲಿ ಗಾಜೂ ಕ್ಲಾಸಿನ ಗಾಜೂ ಆರೋವಾಗ ಒಂದೇ ಥರ ಕುಗ್ಗಲ್ಲ, ಬಿರುಕು ಬಿಡುತ್ತೆ ಅಂತ ಟೀಚರ್ ಹೇಳಿದ್ದು ಕುಲುಮೆ ಸ್ವಿಚ್ ಹಾಕಿದ ಮೇಲೆ! ನಿದ್ದೆ ಬರಲಿಲ್ಲ, ಓಡಿ ಬಂದೆ."

ನನ್ನ ಬಾಟ್ಲಿ ಚೂರು... ಆರು ವಾರ ಇವನ ಹತ್ತಿರ!

"ಬಾಯಲ್ಲಿ ಹೇಳೋಕೆ ಧೈರ್ಯ ಸಾಲಲಿಲ್ಲ," ಎಂದ ಅವನು, ನೆಲ ನೋಡುತ್ತ.

"ತೆಗೆದು ನೋಡೋಣ್ವಾ?"

"ಬೇಡ ಬೇಡ! ಉಳಿದವರದ್ದೂ ಒಡೆದೀತು. ಅಂಕಲ್ ಮಾಡಿರೋ ಗಾಜಿನ ಮೀನಾದ್ರೆ ಪರವಾಗಿಲ್ಲ, ಹೇಗಿದ್ರೂ ಚಪ್ಪಲಿ ಥರಾನೇ ಇದೆ."

ಅಳುತ್ತಲೇ ಅವಳು ನಕ್ಕಳು.

ಒಂದೇ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಕುಲುಮೆಯ ಬಿಸಿ ಬೆನ್ನಿಗೆ ಹಿತವಾಗಿತ್ತು. ಮುಳ್ಳು ಇಳಿಯುತ್ತ ಹೋಯಿತು, ಮಾತು ಮುಗಿಯಲಿಲ್ಲ. ಬೆಳಗಿನ ಬಿಸಿಲು ಕಿಟಕಿಯಲ್ಲಿ ನಿಲ್ಲಿಸಿದ್ದ ಬಣ್ಣದ ಗಾಜುಗಳನ್ನು ದಾಟಿ ಬಂದಾಗ ಅವಳ ಕೈ ಹಸಿರಾಗಿತ್ತು, ಅವನದು ಕೆಂಪಾಗಿತ್ತು. ಯಾರು ಮೊದಲು ಕೈ ಹಿಡಿದರೋ, ನೆನಪಿಲ್ಲ.

ಮುಳ್ಳು ನಲವತ್ತೆಂಟು. ಮುಚ್ಚಳ ತೆರೆದರು. ಉಳಿದ ಐದೂ ಸುರಕ್ಷಿತ, ಚಪ್ಪಲಿ ಮೀನೂ ಕೂಡ. ಅವನ ತಟ್ಟೆಯ ನಡುವೆ ಒಂದು ನೀಲಿ ಹನಿ, ಅದರ ಸುತ್ತ ಕೂದಲೆಳೆಯಂಥ ಬಿರುಕು. ಆದರೂ ತಟ್ಟೆ ಎರಡಾಗಿರಲಿಲ್ಲ.

"ಬೇರೆ ಮಾಡಿಕೊಡ್ಲಾ?"

"ನಂಗೆ ಇದೇ ಬೇಕು."

ಹೊರಗೆ ಟೀಚರ್ ಸ್ಕೂಟರ್ ನಿಂತಿತು.

"ಏನಾಯ್ತು ಅಂತ ಟೀಚರ್ ಕೇಳಿದ್ರೆ?" ಎಂದ ಅವನು. "ಬಿರುಕು ಬಿಟ್ಟಿದ್ದು ಮುಚ್ಚಳ ಎತ್ತಿದ್ದಕ್ಕಾ, ನನ್ನ ಚೂರಿಗಾ?"

ತಾನು ಮಾಡದ ತಪ್ಪನ್ನೂ ಮೊದಲೇ ಒಪ್ಪಿಕೊಳ್ಳುವ ಹುಡುಗಿ ಅವಳು. ಇವತ್ತು ತಟ್ಟೆಯನ್ನು ಶಾಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಳಿಸಿದಳು.

"ಯಾರಿಗೂ ಹೇಳಲ್ಲ ನಾನು. ನೀನೂ ಹೇಳಬೇಡ."

"ಅಂಕಲ್‌ಗೂ?"

"ಅಂಕಲ್‌ಗಂತೂ ಬೇಡವೇ ಬೇಡ!"