ಡೇರಿಯಲ್ಲಿ ಕೂಗದ ಸೈರನ್

ಬೆಳಗ್ಗೆ ಆರಕ್ಕೆ ಟ್ಯಾಂಕಿನ ಮುಚ್ಚಳ ತೆಗೆದಾಗ ಹುಳಿ ವಾಸನೆ ಮುಖಕ್ಕೆ ರಾಚಿತು. ರಾತ್ರಿ ತಣಿಸುವ ಯಂತ್ರ ಕೆಟ್ಟು ಎರಡು ಸಾವಿರ ಲೀಟರ್ ಹಾಲು ಒಡೆದಿತ್ತು. ಪರದೆ ಹದಿನೆಂಟು ಡಿಗ್ರಿ ತೋರಿಸುತ್ತಿತ್ತು — ಆದರೂ ಶಾಖ ಏರಿದರೆ ಕೂಗಬೇಕಾದ ಸೈರನ್ ಕೂಗಿರಲಿಲ್ಲ.

ಕ್ಯಾಲನೂರು ಹೋಬಳಿಯ ಆ ಹಳ್ಳಿ ಡೇರಿಯಲ್ಲಿ ಮಧ್ಯಾಹ್ನದೊಳಗೆ ತೀರ್ಮಾನವಾಗಿಹೋಯಿತು. ಕಾವಲಿನ ಆಂಜಿಯೇ ನಿದ್ದೆ ಕೆಡುತ್ತದೆಂದು ಸೈರನ್ ಆರಿಸಿದ್ದಾನೆ ಎಂದು. ಅವನ ಇಪ್ಪತ್ತು ವರ್ಷದ ಕೆಲಸ ಹೋಗುವುದರಲ್ಲಿತ್ತು. ಅಧ್ಯಕ್ಷೆ ಭಾರತಮ್ಮನವರ ಮನಸ್ಸು ಮಾತ್ರ ಒಪ್ಪಲಿಲ್ಲ. ಕೋಲಾರದಲ್ಲಿ ಪಾಲಿಟೆಕ್ನಿಕ್ ಮಕ್ಕಳಿಗೆ ಪಾಠ ಹೇಳುವ ಸುನಂದಳನ್ನು ಕರೆಸಿದರು. ಹನ್ನೆರಡು ವರ್ಷದ ಹಿಂದೆ ಈ ಟ್ಯಾಂಕಿಗೆ ಮೊದಲ ಕಂಪ್ಯೂಟರ್ ಬೋರ್ಡು ಕೂರಿಸಿದವಳು ಅವಳೇ.

ಒಳಗೆ ಕಾಲಿಡುತ್ತಲೇ ಸುನಂದಳಿಗೆ ಆ ದಿನಗಳು ನೆನಪಾದವು. ಇದೇ ಸಿಮೆಂಟು ನೆಲದ ಮೇಲೆ ಕೂತು ಶಿಷ್ಯ ಅನಿಲ್‌ಕುಮಾರ್ ಒಂದೊಂದೇ ತಂತಿ ಹಿಡಿದು ಹೇಳುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. ಆಂಜಿ ಬಿಸಿ ಹಾಲು ತಂದಿಡುತ್ತಿದ್ದ. ಅನಿಲನಿಗೆ ಈಗ ಸ್ವಂತ ಅಂಗಡಿಯಿದೆ. ಹೋದ ತಿಂಗಳು ಹೊಸ ಬೋರ್ಡು ಹಾಕಿದವನೂ ಅವನೇ. ಈಗ ಅವನು ಬಾಗಿಲಲ್ಲಿ ನಿಂತಿದ್ದ.

"ಸೈರನ್ ಸ್ವಿಚ್ ಮುಟ್ಟಿದ್ರಾ, ಆಂಜಣ್ಣ?" ಸುನಂದ ಕೇಳಿದಳು.

"ಇಲ್ಲಮ್ಮ."

"ಮುಚ್ಚಳ?"

"ಅದನ್ನ ದಿನಾ ಎರಡು ಸಲ ತೆಗೀತೀನಲ್ಲ."

ಸುನಂದ ಲ್ಯಾಪ್‌ಟಾಪ್ ಜೋಡಿಸಿದಳು. ಪರದೆಯ ಮೇಲಿನ ಎಣಿಕೆಗಳನ್ನು ಒಂದೊಂದಾಗಿ ಓದಿದಳು. ಆಮೇಲೆ ಭಾರತಮ್ಮನವರ ಕಡೆ ತಿರುಗಿದಳು.

"ಮುಚ್ಚಳದ ತಂತಿ, ಶಾಖದ ತಂತಿ ಎರಡೂ ಬೋರ್ಡಿನ ಪಿನ್ ಕಂಟ್ರೋಲರ್ ಅನ್ನೋ ಭಾಗಕ್ಕೆ ಬರ್ತವೆ. ಮುಚ್ಚಳ ತೆಗೆದ್ರೂ ಶಾಖ ಏರಿದ್ರೂ ಅದು ಇಂಟರಪ್ಟ್ ಅನ್ನೋ ಒಂದೇ ಕರೆಗಂಟೆ ಲೈನಲ್ಲಿ ಕರ್ನಲ್‌ನ ಕರೆಯುತ್ತೆ. ಬೋರ್ಡನ್ನ ನಡೆಸೋ ಮೂಲ ಪ್ರೋಗ್ರಾಮೇ ಆ ಕರ್ನಲ್ಲು. ಎಷ್ಟು ಕರೆ ಬಂತು ಅಂತ ಲೆಕ್ಕಾನೂ ಇಡುತ್ತೆ. ಆಂಜಣ್ಣ ಸೈರನ್ ಆರಿಸಿದ್ರೂ ಮುಚ್ಚಳ ತೆಗೆದಾಗೆಲ್ಲ ಆ ಎಣಿಕೆ ಏರ್ಬೇಕಿತ್ತು. ಒಂದು ತಿಂಗಳಿಂದ ಅಲ್ಲಿರೋದು ಸೊನ್ನೆ."

"ಪರದೆ ಸರಿಯಾಗೇ ತೋರಿಸ್ತಿತ್ತಲ್ಲ?" ಎಂದರು ಭಾರತಮ್ಮ.

"ಪರದೆ ಶಾಖ ಎಷ್ಟು ಅಂತ ತಾನಾಗೇ ಹೋಗಿ ಕೇಳ್ಕೊಂಡು ಬರುತ್ತೆ. ಸೈರನ್ ಮಾತ್ರ ಕರೆ ಬಂದ್ರೇನೇ ಕೂಗೋದು."

ಯಾವ ಕರೆ ಯಾವ ಲೈನಲ್ಲಿ ಬರುತ್ತದೆಂದು ವಿವರಿಸುವ ಫೈಲನ್ನು ಅವಳು ತೆರೆದಳು. ಹದಿನೇಳು ಎಂದಿತ್ತು. ಹೊಸ ಬೋರ್ಡಿನ ನಕ್ಷೆಯಲ್ಲಿ ಇದ್ದದ್ದು ಇಪ್ಪತ್ಮೂರು. ಫೈಲಿನ ತಲೆಯಲ್ಲಿ ಅವಳದೇ ಹೆಸರು.

"ನೀನು ಹಳೇದನ್ನ ಹಾಗೇ ನಕಲು ಮಾಡ್ದೆ. ಪರೀಕ್ಷೆ ಮಾಡ್ಲಿಲ್ಲ. ತಪ್ಪು ನಿಂದು, ಅನಿಲ್."

ಅನಿಲ್ ತಲೆ ತಗ್ಗಿಸಿದ. "ನೀವು ಬರ್ದಿದ್ದು, ಮೇಡಮ್. ಅದ್ರಲ್ಲಿ ತಪ್ಪಿರುತ್ತೆ ಅಂತ ಮನಸ್ಸಿಗೇ ಬರ್ಲಿಲ್ಲ."

"ಹಳೇ ಬೋರ್ಡಿಗೆ ಸರಿಯಿತ್ತು ಕಣೋ," ಎಂದಳು ಸುನಂದ. ಬಯ್ಯಬೇಕೆಂದಿದ್ದವಳು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು.

ಅನಿಲ್ ಅಂಕಿ ತಿದ್ದಿ ಬೋರ್ಡನ್ನು ಮತ್ತೆ ಚಾಲೂ ಮಾಡಿದ. ಶಾಖ ಅಳೆಯುವ ಕಡ್ಡಿಯನ್ನು ಹೊರಗೆಳೆದು ಮುಷ್ಟಿಯಲ್ಲಿ ಹಿಡಿದ. ಸೈರನ್ ಊರಿಗೆಲ್ಲ ಕೇಳುವಂತೆ ಕೂಗಿತು. ಹಾಲು ಹಾಕುವ ಹೆಂಗಸರು ಓಡಿಬಂದರು. ಅವರೆಲ್ಲರ ಎದುರಿಗೆ ಅನಿಲ್ ಆಂಜಿಗೆ ಕೈಮುಗಿದ.

ಆಂಜಿ ಟವಲಿನಿಂದ ಕಣ್ಣೊರೆಸಿಕೊಂಡ.

"ಆರ್ಸಪ್ಪ ಸಾಕು," ಎಂದ. "ಎಲ್ಲಾರ್ಗೂ ಕೇಳಿಸ್ತು."