ಕರಡಿ ಬಂತು, ಅಜ್ಜಿ ಬಂದರು

ಬಹಳ ಹಿಂದೆ, ಒಂದು ಹೊಳೆಯ ಎರಡೂ ದಡಗಳಲ್ಲಿ ಹರಡಿಕೊಂಡ ಒಂದು ರಾಜ್ಯವಿತ್ತು. ಅಲ್ಲಿ ಮಗು ಹುಟ್ಟಿದ ಹನ್ನೊಂದನೆಯ ದಿನ ಅಜ್ಜಿಯಾದವಳು ಅದರ ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದಳು. ಕಾಡಿಗೆಯ ಭರಣಿ ಕೊಡುತ್ತಿದ್ದವನು ಮಸಿರಾಯನೆಂಬ ಮಾಂತ್ರಿಕ. ಅದು ಹತ್ತಿದ ಕಣ್ಣಿಗೆ ಎದುರು ದಡದವರೆಲ್ಲ ಮೃಗಗಳಾಗಿ ಕಾಣುತ್ತಿದ್ದರು. ನೀರಿಗೂ ಎಣ್ಣೆಗೂ ಅದು ಬಿಡುತ್ತಿರಲಿಲ್ಲ. ಅಜ್ಜಿಯರಿಗೆ ಇದೇನೂ ಗೊತ್ತಿಲ್ಲ. ಅವರು ಪ್ರೀತಿಯಿಂದಲೇ ಹಚ್ಚುತ್ತಿದ್ದರು. ಮೃಗಗಳಿಂದ ಕಾಪಾಡುತ್ತಾನೆಂದು ಎರಡೂ ದಡದವರು ತಂತಮ್ಮ ಕಡೆಯಿಂದ ಮಸಿರಾಯನಿಗೆ ಹೊಳೆಯ ನಡುಗಡ್ಡೆಯಲ್ಲಿ ಕೋಟೆಯನ್ನೂ ಕಟ್ಟಿಕೊಟ್ಟಿದ್ದರು.

ಈಚೆ ದಡದಲ್ಲಿ ಬೊಮ್ಮಯ್ಯನೆಂಬ ನೇಕಾರನಿದ್ದ. ಅವನ ಹೆಂಡತಿ ಗಿರಿಜೆ ಹೆಣ್ಣುಮಗುವನ್ನು ಹೆತ್ತವಳು ಎಚ್ಚರ ತಪ್ಪಿದಳು, ಮತ್ತೆ ಕಣ್ಣು ತೆರೆಯಲಿಲ್ಲ. ಒಂಬತ್ತು ದಿನ ಮದ್ದು ನಡೆಯಿತು.

"ಇದನ್ನು ಬಲ್ಲದ್ದು ಆಚೆ ದಡದ ಸೂಲಗಿತ್ತಿ ಒಂದೇ. ಆದರೆ ಅದು ಕರಡಿ," ಎಂದರು ವೈದ್ಯರು.

"ಬೇಡವೋ ಮಗಾ, ನಿನ್ನನ್ನೂ ಕಳಕೊಳ್ಳಲೇನು?" ಎಂದಳು ತಾಯಿ ತಿಪ್ಪವ್ವ.

"ಅವಳಿಲ್ಲದೆ ನಾನಿದ್ದು ಏನು ಮಾಡಲವ್ವಾ?" ಎಂದು ಬೊಮ್ಮಯ್ಯ ಹೊರಟ.

ಹರಿಗೋಲು ಹಿಡಿದು ನಿಂತಿದ್ದದ್ದು ಒಂದು ಹಂದಿ. "ಹತ್ತಯ್ಯ. ನಡುವೆ ಸುಳಿಯಿದೆ, ಅಲುಗಾಡಬೇಡ," ಎಂದಿತು. ಮುಳುಗಿಸಿಯೇ ಬಿಡುತ್ತದೆ ಎಂದು ಬೊಮ್ಮಯ್ಯ ಅತ್ತ. ಹೆದರಿಕೆಯ ಕಣ್ಣೀರಿಗೆ ಕಾಡಿಗೆ ಕರಗಲಿಲ್ಲ. ಹಂದಿ ಅವನ ಕೈಹಿಡಿದು ದಡಕ್ಕೆ ಇಳಿಸಿತು.

ಬಿಸಿಲಿಗೆ ದಾರಿಯಲ್ಲಿ ಕುಸಿದ. ಸೀರೆಯುಟ್ಟ ಹುಲಿಯೊಂದು ರಾಗಿ ಅಂಬಲಿ ತಂದಿತು. "ಬಿಸಿಯಿದೆ, ಊದಿಕೊಂಡು ಕುಡಿ," ಎಂದಿತು. ಕೊಬ್ಬಿಸಿ ತಿನ್ನುತ್ತದೆ ಎಂದುಕೊಂಡೇ ಕುಡಿದ. ಗಿರಿಜೆ ಮಾಡುತ್ತಿದ್ದ ಅಂಬಲಿ ನೆನಪಾಗಿ ಅತ್ತ. ದುಃಖದ ಕಣ್ಣೀರಿಗೂ ಕಾಡಿಗೆ ಕರಗಲಿಲ್ಲ.

ಊರಾಚೆಯ ಗುಡಿಸಲಿನಲ್ಲಿ ಕರಡಿ ಬೇರು ಅರೆಯುತ್ತ ಕೂತಿತ್ತು. ಬೊಮ್ಮಯ್ಯ ಬಾಗಿಲಲ್ಲೇ ನಿಂತು, ಕಣ್ಣುಮುಚ್ಚಿ ಎಲ್ಲವನ್ನೂ ಹೇಳಿದ.

"ಕಣ್ಣು ಬಿಡಪ್ಪ. ನಾನು ಏನಾಗಿ ಕಾಣ್ತೀನಿ?"

"ಕ... ಕರಡಿ."

"ನನಗೆ ನೀನು ನರಿ. ಅದೂ ಗಡಗಡ ನಡುಗೋ ನರಿ." ಕರಡಿ ಮದ್ದಿನ ಗಂಟು ಕಟ್ಟಿಕೊಂಡು ಎದ್ದಿತು.

"ನರಿ ಅಂತ ಕಂಡೂ ಬರ್ತೀಯಾ?"

"ನರಿ ಹೆಂಡತಿಗೂ ಹೆರಿಗೆ ನೋವು ನೋವೇ ಅಲ್ಲವೇನೋ? ನಡಿ, ಬೇಗ."

ಅವರು ಮನೆ ಮುಟ್ಟಿದಾಗ ಹನ್ನೊಂದನೆಯ ದಿನದ ಬೆಳಗು. "ಕರಡಿ ಬಂತು!" ಎಂದು ಕಿರುಚಿ ತಿಪ್ಪವ್ವ ಒನಕೆ ಎತ್ತಿದಳು. ಬೊಮ್ಮಯ್ಯ ಅಡ್ಡ ನಿಂತ. ಕರಡಿ ಗಿರಿಜೆಯ ಅಂಗಾಲಿಗೆ ಬೇರಿನ ರಸ ತಿಕ್ಕತೊಡಗಿತು. ಮಧ್ಯಾಹ್ನ ಕಳೆದರೂ ಕರಡಿ ಕೂತಲ್ಲಿಂದ ಏಳಲಿಲ್ಲ, ಕುಡಿಯಲು ನೀರೂ ಕೇಳಲಿಲ್ಲ. ಹೊತ್ತು ಇಳಿಯುವಾಗ ಗಿರಿಜೆ ಕಣ್ಣು ತೆರೆದಳು.

"ಮಗು ಎಲ್ಲಿ?" ಎಂದಳು.

ಬೊಮ್ಮಯ್ಯ ಕರಡಿಯ ಕಾಲಿಗೆ ಬಿದ್ದು ಅತ್ತ. ಈ ಸಲ ಕಾಡಿಗೆ ಕರಗಿ ಕೆನ್ನೆಯ ಮೇಲೆ ಹರಿಯಿತು. ಕಣ್ಣೆದುರಿಗಿದ್ದದ್ದು ಸವೆದ ಕಾಲುಂಗುರ, ಒಡೆದ ಹಿಮ್ಮಡಿ. ತಲೆಯೆತ್ತಿದರೆ ದಣಿದ ಮುದುಕಿಯೊಬ್ಬಳು.

"ಅವ್ವಾ," ಎಂದ, "ಅಜ್ಜಿ ಬಂದಿದ್ದಾರೆ. ಕುಡಿಯೋಕೆ ನೀರು ಕೊಡು."

ತಿಪ್ಪವ್ವ ಒಮ್ಮೆ ಸೊಸೆಯನ್ನು ನೋಡಿದಳು. ತನ್ನದೇ ಚೊಂಬಿನಲ್ಲಿ ನೀರು ತಂದಿಡುವಷ್ಟರಲ್ಲಿ ಅವಳ ಕೆನ್ನೆಯೂ ಕಪ್ಪಾಗಿತ್ತು. ಗಟಗಟ ಕುಡಿದ ಅಜ್ಜಿಯ ಕಣ್ಣೂ ತುಂಬಿತು.

"ಅಯ್ಯೋ, ನನ್ನ ನರಿ ಎಲ್ಲಿ ಹೋಯ್ತು? ಇಲ್ಲೊಬ್ಬ ಲಕ್ಷಣವಾದ ಹುಡುಗ ಇದ್ದಾನಲ್ಲ!"

ಅಷ್ಟರಲ್ಲಿ ಭರಣಿ ಹಿಡಿದು ಮಸಿರಾಯ ಬಂದ. "ಮಗುವಿಗೆ ಇನ್ನೂ ಕಾಡಿಗೆ ಇಲ್ಲವೇ?" ಎಂದು ಗುಡುಗಿದ. ತೊಳೆದ ಕಣ್ಣಿಗೆ ಅವನು ಪೇಟ ಸುತ್ತಿದ ಮಸಿಯ ಗುಡ್ಡೆ, ಅಷ್ಟೆ. ತಿಪ್ಪವ್ವ ಮಗುವನ್ನು ಎದೆಗವಚಿಕೊಂಡು ಉಫ್ ಎಂದು ಊದಿದಳು. ಮಸಿರಾಯ ಹಾರಿಹೋದ. ಅವನ ಕೋಟೆ ಹೊಳೆಯಲ್ಲಿ ಕದಡಿ ಹರಿದುಹೋಯಿತು.

ಎಲ್ಲರ ಕಣ್ಣೂ ಒಂದೇ ದಿನಕ್ಕೆ ತಿಳಿಯಾಗಲಿಲ್ಲ. ಬೊಮ್ಮಯ್ಯ ತಾನು ನೇಯ್ದ ಪಂಚೆಯನ್ನು ಅಂಬಿಗ ಗುರುವಣ್ಣನಿಗೆ ಕೊಟ್ಟ, ಸೀರೆಯನ್ನು ಅಂಬಲಿಯ ಕೆಂಚಕ್ಕನಿಗೆ ಕೊಟ್ಟ. ಯಾರಿಂದ ಏನು ಸಿಕ್ಕಿತೆಂದು ಮನೆಮನೆಯ ಜಗಲಿಯಲ್ಲಿ ಕೂತು ಹೇಳಿದ. ಕೇಳಿದವರಿಗೆ ತಮಗೆ ಸಿಕ್ಕಿದ್ದೂ ನೆನಪಾಯಿತು. ಒಂದೊಂದೇ ಮನೆಯ ಕಾಡಿಗೆ ಕರಗಿತು.

ಮಗುವಿಗೆ ಹೊನ್ನಿ ಎಂದು ಹೆಸರಿಟ್ಟರು. ಅದು ಆಚೆ ದಡದ ಅಜ್ಜಿಯ ಹೆಸರು. ಎರಡೂ ದಡ ಸುಖವಾಗಿದ್ದವು. ಆ ರಾಜ್ಯದಲ್ಲಿ ಈಗಲೂ ಹೊಳೆ ದಾಟಿ ಯಾರೇ ಬಾಗಿಲಿಗೆ ಬರಲಿ, 'ಬಂತು' ಎನ್ನುವುದಿಲ್ಲವಂತೆ. 'ಬಂದರು' ಎನ್ನುತ್ತಾರೆ, ನೀರಿನ ಚೊಂಬು ತರಲು ಒಳಗೆ ಓಡುತ್ತಾರೆ.