ಚಾರ್ಟಿನಲ್ಲಿಲ್ಲದ ಮೊದಲ ಪೀರಿಯಡ್

"ಈ ಚಾರ್ಟ್ ಬರೆದ ಕತ್ತೆ ಯಾರು?"

ಶಾಲೆಯ ಆಡಳಿತ ಮಂಡಳಿಗೆ ಆಯ್ಕೆಯಾಗಿ ಬಂದ ದಿನ ಅವಳ ಬಾಯಿಂದ ಹೊರಟ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಕುಶಲವಿಲ್ಲ. ಒಂದು ಕಾಲು ಇನ್ನೂ ಹೊಸ್ತಿಲಾಚೆ ಇತ್ತು, ಬೆರಳು ಆಗಲೇ ಗೋಡೆಯ ಕಡೆ ಚಾಚಿತ್ತು!

ಸಭೆಯ ಕೋಣೆಯಲ್ಲಿದ್ದವರೆಲ್ಲ ಆ ಬೆರಳಿನ ಕಡೆ ತಿರುಗಿದರು.

ಗೋಡೆಯ ಮೇಲೆ ಹೊಸ ವರ್ಷದ ಟೈಮ್‌ಟೇಬಲ್. ನೀಲಿ ಶಾಯಿ, ಮುತ್ತು ಪೋಣಿಸಿದ ಅಕ್ಷರ. ಎರಡನೇ ಪೀರಿಯಡ್ ಗಣಿತ, ಮೂರನೇದು ವಿಜ್ಞಾನ... ಕೊನೆಯದು ಆಟ. ಎಲ್ಲ ಇತ್ತು. ಮೊದಲ ಪೀರಿಯಡ್ ಮಾತ್ರ ಇರಲಿಲ್ಲ!

ಆ ಮೊದಲ ಪೀರಿಯಡ್ ಅವಳ ಜೀವ. ಮಕ್ಕಳೆಲ್ಲ ಹಾಲ್‌ನಲ್ಲಿ ಸೇರಿ, ಪುಸ್ತಕ ಮುಚ್ಚಿಟ್ಟು, ಒಂದೇ ಕೊರಳಾಗಿ ಪದ್ಯ ಹೇಳುವ ಹೊತ್ತು ಅದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳೇ ಜಗಳವಾಡಿ ಹುಟ್ಟಿಸಿದ್ದು. ಅವಳು ನಿವೃತ್ತಳಾದ ಮೇಲೂ ನಿಲ್ಲದೆ ನಡೆದದ್ದು. ಮದುವೆ, ಗಂಡ, ಮಕ್ಕಳು ಎಂದು ಲೋಕ ಕೊಡಲು ಬಂದ ಯಾವುದನ್ನೂ ಅವಳು ಕೈನೀಡಿ ತೆಗೆದುಕೊಂಡಿರಲಿಲ್ಲ. ತೆಗೆದುಕೊಂಡದ್ದು ಅದೊಂದನ್ನೇ. ಎಲ್ಲರೂ ಅವಳನ್ನು ಪದ್ಯದ ಟೀಚರ್ ಎಂದೇ ಕರೆಯುತ್ತಿದ್ದರು.

ಮೂಲೆಯ ಕುರ್ಚಿ ಕಿರ್ರೆಂದಿತು. ಒಬ್ಬ ಎದ್ದು ನಿಂತ. ಎತ್ತರದ ಆಳು, ಇಸ್ತ್ರಿ ಮಾಡಿದ ಅರೆತೋಳಿನ ಅಂಗಿ, ನರೆತ ಕೂದಲು.

"ನಾನೇ ಟೀಚರ್... ಆ ಕತ್ತೆ."

ಯಾರೋ ಕಿಸಕ್ಕೆಂದರು. ಅವನ ಮುಖದಲ್ಲಿ ಮಾತ್ರ ಸಿಟ್ಟಿರಲಿಲ್ಲ. ಕಾಯುತ್ತಿದ್ದವರು ಕೊನೆಗೂ ಬಂದರಲ್ಲ ಎನ್ನುವಂಥ ಬೆಳಕು ಇತ್ತು! ಅದನ್ನು ಕಂಡು ಅವಳಿಗೆ ಇನ್ನಷ್ಟು ಉರಿಯಿತು.

"ನೀವು ಯಾವ ಶಾಲೆಯಲ್ಲಿ ಪಾಠ ಮಾಡಿದ್ರಿ?"

"ಪಾಠ ಮಾಡಿಲ್ಲ. ಪಕ್ಕದ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದೆ. ಈಗ ನಿವೃತ್ತಿ. ಟೈಮ್‌ಟೇಬಲ್ ಬರೆಯೋಕೆ ಬರುತ್ತಲ್ಲ ಅಂತ ಮಂಡಳಿಗೆ ಹಾಕ್ಕೊಂಡ್ರು."

"ಓಹೋ! ಬಸ್ಸು ಬಿಡ್ತಿದ್ದವರು ಈಗ ಮಕ್ಕಳನ್ನ ಬಿಡೋಕೆ ಬಂದಿದ್ದೀರಿ. ಮೊದಲ ಪೀರಿಯಡ್ ಎಲ್ಲಿ ಸ್ವಾಮಿ? ದಾರೀಲಿ ಕೆಟ್ಟು ನಿಂತಿದೆಯಾ?"

"ಅದು ಪದ್ಯದ ಪೀರಿಯಡ್ ಅಲ್ವಾ... ಅದನ್ನ ಬರೆಯೋದು ಬೇಡ ಅಂತ..."

"ಬೇಡ!" ಅವಳ ದನಿ ಚಾವಣಿಗೆ ಬಡಿಯಿತು. "ಬೇಡ ಅಂತ ತೀರ್ಮಾನ ಮಾಡಿಬಿಟ್ರಿ!"

"ಅಲ್ಲ ಟೀಚರ್, ನಾನು ಹೇಳಿದ್ದು..."

"ಬಾಯಿ ಮುಚ್ಚಿ."

ಅವನು ನಿಜವಾಗಿಯೂ ಬಾಯಿ ಮುಚ್ಚಿದ. ಎಂಥೆಂಥ ಪುಂಡ ಮಕ್ಕಳನ್ನೂ ಕೂರಿಸಿದ ಮಾತು ಅದು!

ಅಧ್ಯಕ್ಷರು ಆಗ ಗಂಟಲು ಸರಿಮಾಡಿಕೊಂಡರು. ಬಣ್ಣದ ಅಂಗಡಿಯ ಮಾಲೀಕರು. ಶಾಲೆಯ ಗೋಡೆ ಬಿಟ್ಟು ಶಾಲೆಯ ಮತ್ತೇನನ್ನೂ ಅವರು ಕಣ್ಣೆತ್ತಿ ನೋಡಿದವರಲ್ಲ. "ಜಗಳ ಯಾಕೆ ಮೇಡಂ? ಮೊದಲ ಪೀರಿಯಡ್ ಖಾಲಿ ಇದೆ ಅಂತಾಯ್ತು. ನಮ್ಮ ಅಳಿಯಂದು ಒಂದು ಪರೀಕ್ಷಾ ತರಬೇತಿ ಸಂಸ್ಥೆ ಇದೆ. ಆ ಹೊತ್ತನ್ನ ಅವನಿಗೆ ಕೊಡೋಣ. ಮುಂದಿನ ಸಭೆಯಲ್ಲಿ ಮತಕ್ಕೆ ಹಾಕ್ತೀನಿ. ಏನಂತೀರಿ?"

"ಹೌದು," ಎಂದಳು ಅವರ ಪಕ್ಕದ ಸದಸ್ಯೆ. ಈಕೆ ಡಾಕ್ಟರ ಹೆಂಡತಿ. ಯಾರು ಏನು ಕೇಳಿದರೂ ಹೌದು ಎನ್ನುವುದರಿಂದ ಟೀಚರ್ ಅವಳಿಗೆ ಅಲ್ಲೇ, ಮನಸ್ಸಿನಲ್ಲೇ, ಹೌದಮ್ಮ ಎಂದು ಹೆಸರಿಟ್ಟಳು. ಐದನೆಯ ಸದಸ್ಯ ಏನೂ ಹೇಳಲಿಲ್ಲ. ಅವನ ಬಾಯಿ ತುಂಬ ಬಿಸ್ಕತ್ತಿತ್ತು. ಅವನ ಹೆಸರೂ ಇತ್ಯರ್ಥವಾಯಿತು.

'ಇಂಥವರ ಕೈಗೆ ಮಕ್ಕಳ ನಾಲಗೆಯನ್ನು ಕೊಟ್ಟಿದ್ದಾರೆ!' ಅವಳು ಎಲ್ಲರನ್ನೂ ಒಂದೇ ನೋಟದಲ್ಲಿ ಗುಡಿಸಿ ಹಾಕಿದಳು. ಮೂಲೆಯವನ ಮೇಲೆ ಮಾತ್ರ ಆ ನೋಟ ಒಂದು ಕ್ಷಣ ಹೆಚ್ಚು ನಿಂತಿತು. ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ...

*

"ಬಸ್ಸಿನ ಮನುಷ್ಯ! ಪದ್ಯಕ್ಕೂ ಪೆಟ್ರೋಲಿಗೂ ವ್ಯತ್ಯಾಸ ಗೊತ್ತಿಲ್ಲದವನು!"

ಸಂಜೆ ಮನೆಯಲ್ಲಿ ಅವಳು ಸೊಪ್ಪು ಬಿಡಿಸುತ್ತಿದ್ದಳು. ಕಡ್ಡಿ ತಟ್ಟೆಗೆ ಬೀಳುತ್ತಿತ್ತು, ಎಲೆ ಕಸಕ್ಕೆ ಹೋಗುತ್ತಿತ್ತು. ಬಟ್ಟೆ ಹೊಲಿಯುತ್ತಿದ್ದ ತಂಗಿ ಮಿಷನ್ ನಿಲ್ಲಿಸಿ ನೋಡಿದಳು.

"ಬಸ್ಸು ಡೀಸೆಲ್‌ನಲ್ಲಿ ಓಡುತ್ತೆ ಅಕ್ಕಾ."

"ಎರಡೂ ಒಂದೇ!"

"ಆಗ್ಲಿ. ಅಧ್ಯಕ್ಷರಿಗೆ ಎಷ್ಟು ಬೈದೆ?"

"ಅವನ ವಿಷಯ ಬಿಡು. ಅವನು ಬಣ್ಣದ ಡಬ್ಬ. ಒಳಗೇನಿದೆ ಅಂತ ಮುಚ್ಚಳದ ಮೇಲೇ ಬರೆದಿರುತ್ತೆ. ಈ ಮನುಷ್ಯ ಹಾಗಲ್ಲ. ಬೈದರೆ ತಿರುಗಿ ಬಯ್ಯಲ್ಲ. ಮೆತ್ತಗೆ ನಿಂತು ನೋಡ್ತಾನೆ... ಅಂಥ ಅಕ್ಷರ ಬರೆಯೋ ಕೈಯಲ್ಲಿ ಇಂಥ ಕೆಲಸ!"

ತಂಗಿಯ ತುಟಿ ಓರೆಯಾಯಿತು. "ಅಕ್ಷರ ಚೆನ್ನಾಗಿತ್ತಾ?"

"ನಾನೆಲ್ಲಿ ಹಾಗಂದೆ?"

"ಮಧ್ಯಾಹ್ನದಿಂದ ಅದೇ ಅಂತಿದ್ದೀಯ. ಅವರು ನನಗೆ ಗೊತ್ತು. ಅವರಮ್ಮ ನಡೆಯೋಕಾಗದೆ ಎಷ್ಟೋ ವರ್ಷ ಹಾಸಿಗೆ ಹಿಡಿದಿದ್ರು ಕಣೇ. ಬ್ಲೌಸ್ ಅಳತೆಗೆ ನಾನೇ ಅವರ ಮನೆಗೆ ಹೋಗ್ತಿದ್ದೆ. ಆ ತಾಯೀನ ನೋಡ್ಕೊಳ್ತಾ ಮದುವೆ ಅನ್ನೋದನ್ನೇ ಮರೆತರು ಪಾಪ. ಒಳ್ಳೆ ಮನುಷ್ಯ."

"ಒಳ್ಳೆಯವರಾದ್ರೆ ಮನೇಲಿರಲಿ. ನನ್ನ ಪೀರಿಯಡ್ ಯಾಕೆ ನುಂಗಬೇಕು?"

"ಅಕ್ಕಾ... ನೀನು ಇಷ್ಟು ಹೊತ್ತು ಯಾರನ್ನೂ ಬೈದಿದ್ದು ನಾನು ನೋಡಿಲ್ಲ."

"ಮುಚ್ಚೇ ಬಾಯಿ!"

ತಂಗಿ ಬಾಯಿ ಮುಚ್ಚಲಿಲ್ಲ. ಆ ಮಾತಿಗೆ ಮನೆಯಲ್ಲಿ ಬೆಲೆ ಇರಲಿಲ್ಲ. ಅವಳು ನಗುತ್ತಲೇ ಮಿಷನ್ ತುಳಿದಳು.

*

ಮರುದಿನ ಬೆಳಿಗ್ಗೆ ಟೀಚರ್ ಶಾಲೆಗೆ ಹೋದಳು. ಹಾಲ್‌ನಿಂದ ಪದ್ಯ ಕೇಳಿಬರುತ್ತಿತ್ತು. ಮೊದಲ ಸಾಲು ಮೆಲ್ಲಗೆ, ಎರಡನೆಯದು ಅದರ ಹೆಗಲೇರಿ, ಮೂರನೆಯದಕ್ಕೆ ಇಡೀ ಕಟ್ಟಡವೇ ತಲೆದೂಗುವಂತೆ... ಈ ದನಿ ಇನ್ನು ಕೆಲವೇ ದಿನವೇ?

ಹಾಲ್‌ನ ಹೊರಗೆ, ಕಿಟಕಿಯ ಪಕ್ಕ, ಅವನು! ಗೋಡೆಗೆ ಒರಗಿ ನಿಂತಿದ್ದ. ಕಣ್ಣು ಮುಚ್ಚಿತ್ತು. ಅಂಗೈಯಲ್ಲಿ ಕೈಗಡಿಯಾರವಿತ್ತು.

"ಎಷ್ಟು ನಿಮಿಷ ಉಳಿತಾಯ ಆಗುತ್ತೆ ಅಂತ ಲೆಕ್ಕವೋ?"

ಅವನು ಬೆಚ್ಚಿ ಕಣ್ಣು ತೆರೆದ. ರೆಪ್ಪೆ ತೇವವಾಗಿತ್ತು. ಅವಳು ಅದನ್ನು ನೋಡಿಯೂ ನೋಡದವಳಂತೆ ನಿಂತಳು.

"ಟೀಚರ್... ಆ ಚಾರ್ಟಿನ ವಿಷಯ, ಒಂದು ಮಾತು ಹೇಳಬೇಕಿತ್ತು."

"ನಿಮ್ಮ ಮಾತು ಗೋಡೆ ಮೇಲೇ ನೇತಾಡ್ತಿದೆಯಲ್ಲ."

"ನಾನು ಇದನ್ನ ಬಹಳ ವರ್ಷದಿಂದ ಕೇಳ್ತಾ..."

"ಕೇಳ್ತಾ?" ಅವಳು ನಕ್ಕಳು. ಆ ನಗೆಯಲ್ಲಿ ಹನಿಯಷ್ಟೂ ಕರುಣೆ ಇರಲಿಲ್ಲ. "ಜೀವಮಾನವೆಲ್ಲ ಬಸ್ಸಿಗೆ ಸೀಟಿ ಊದಿದ ಕಿವಿಗೆ ಪದ್ಯ ಏನು ಕೇಳಿಸುತ್ತೆ?"

ಅವನ ಮುಖದ ಬೆಳಕು ಆರಿತು. ದೀಪದ ಬುಡ್ಡಿಗೆ ಯಾರೋ ಉಫ್ ಎಂದಂತೆ. ಅವನು ಗಡಿಯಾರವನ್ನು ಜೇಬಿಗಿಳಿಸಿದ. ಮೆಟ್ಟಿಲಿಳಿದು ಹೋದ.

'ಹೋಗಲಿ! ಹೋದರೆ ಹೋಗಲಿ!'

ಒಳಗೆ ಪದ್ಯ ಮುಗಿಯಿತು. ಅವಳಿಗೆ ಕೊನೆಯ ಸಾಲು ಕೇಳಿಸಿರಲೇ ಇಲ್ಲ. ಜೀವನದಲ್ಲಿ ಮೊದಲ ಸಲ...

*

ಆದರೂ ಅವಳು ಹಟ ಬಿಡಲಿಲ್ಲ. ಸಭೆಯ ದಿನ ಬೆಳಿಗ್ಗೆ, ಆ ಚಾರ್ಟಿನ ಮೇಲೂ ಅದನ್ನು ಬರೆದವನ ಮೇಲೂ ದೂರು ಹೇಳಲು ಶಿಕ್ಷಣಾಧಿಕಾರಿಯ ಕಚೇರಿಗೆ ಹೊರಟಳು. ಮೊದಲ ಬಸ್ಸಿಗೇ ಹೋಗಬೇಕೆಂದು ಇನ್ನೂ ಮಬ್ಬಿರುವಾಗಲೇ ಡಿಪೋಗೆ ಬಂದು ಬೋರ್ಡ್ ನೋಡಿದಳು. ಎಲ್ಲ ಬಸ್ಸುಗಳ ಹೊತ್ತೂ ಇತ್ತು. ಮೊದಲ ಬಸ್ಸಿನದೇ ಇರಲಿಲ್ಲ!

"ಏನ್ರೀ ಇದು? ಮೊದಲ ಬಸ್ಸು ರದ್ದಾಯ್ತಾ?"

ಚಕ್ರ ತಟ್ಟಿ ನೋಡುತ್ತಿದ್ದ ಡ್ರೈವರ್ ತಲೆಯೆತ್ತಿದ. ಅವಳ ಹಳೇ ವಿದ್ಯಾರ್ಥಿ. ಸೀಟಿನಲ್ಲಿ ಕೂತು ಈಗಲೂ ಪದ್ಯ ಗುನುಗುವವನು.

"ಅಯ್ಯೋ ಟೀಚರ್, ಅದನ್ನ ಬರೆಯಲ್ಲ."

"ಬರೆಯಲ್ಲ ಅಂದ್ರೆ?"

"ಬೋರ್ಡಲ್ಲಿ ಬರೆಯೋದು ಹೆಚ್ಚುಕಮ್ಮಿ ಆಗೋ ಬಸ್ಸು ಮಾತ್ರ. ಹೊತ್ತು ಬದಲಾಗುತ್ತೆ, ಕೆಲವು ದಿನ ರದ್ದಾಗುತ್ತೆ, ಅಳಿಸಿ ಬರೀತಾ ಇರ್ತೀವಿ. ಮೊದಲ ಬಸ್ಸು ಏನೇ ಆದ್ರೂ ಹೊರಟೇ ಹೊರಡುತ್ತೆ. ಅಳಿಸೋ ಮಾತೇ ಇಲ್ಲ, ಇನ್ನು ಬರೆಯೋದು ಯಾಕೆ? ನಮ್ಮ ಹಳೇ ಟೈಮ್‌ಕೀಪರ್ ಮಾಡಿದ ಪದ್ಧತಿ ಇದು. ಈಗಲೂ ಹಾಗೇ ನಡೀತಿದೆ."

ಅವಳ ಕೈಯಲ್ಲಿದ್ದ ಚೀಲ ಜಾರಿತು.

"ಎಂಥ ಮನುಷ್ಯ ಅಂತೀರಿ! ಬೆಳಿಗ್ಗೆ ನಿಮ್ಮ ಪದ್ಯ ಶುರುವಾದ್ರೆ ಸಾಕು, ಡಿಪೋದಲ್ಲಿ ಯಾರೂ ಹಾರ್ನ್ ಹೊಡೆಯೋ ಹಾಗಿರಲಿಲ್ಲ. ಒಮ್ಮೆ ನಾನು ಮರೆತು ಹೊಡೆದೆ ನೋಡಿ... ಒಂದು ವಾರ ನನ್ನ ಹತ್ರ ಮಾತಾಡಲಿಲ್ಲ! ಬೇಲಿ ಹತ್ರ ಹೋಗಿ ನಿಲ್ಲೋರು, ಕಣ್ಣು ಮುಚ್ಚಿ. ಪೂಜೆಗೆ ನಿಂತ ಹಾಗೆ."

ಇಷ್ಟು ವರ್ಷ ಅವಳಿಗೊಂದು ಹೆಮ್ಮೆಯಿತ್ತು. ತನ್ನ ಮಕ್ಕಳ ಕೊರಳ ಮುಂದೆ ಬಸ್ಸುಗಳ ಗದ್ದಲವೂ ಅಡಗುತ್ತದೆ ಎಂದು. ಅದನ್ನು ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದಳೋ!

ಗದ್ದಲ ತಾನಾಗಿ ಅಡಗಿರಲಿಲ್ಲ. ಒಬ್ಬ ಅದನ್ನು ಪ್ರತಿದಿನ ಕೈಯೆತ್ತಿ ತಡೆದು ನಿಂತಿದ್ದ. ಬೇಲಿಯ ಆಚೆಗೆ... ಅವಳಿಗೆ ಕಾಣದ ಕಡೆಗೆ.

ಆ ಕಿವಿಗೆ ತಾನು ಏನೆಂದೆ?

"ಟೀಚರ್, ಹತ್ತಿ. ಬಸ್ಸು ಹೊರಡುತ್ತೆ."

"ನೀನು ಹೋಗಪ್ಪ," ಎಂದಳು. "ನಾನು ಹೋಗಬೇಕಾಗಿದ್ದು ಆ ಕಡೆ ಅಲ್ಲ."

*

ಸಭೆಯಲ್ಲಿ ಮೂಲೆಯ ಕುರ್ಚಿ ತುಂಬಿತ್ತು. ಅವನು ತಲೆತಗ್ಗಿಸಿ ಕೂತಿದ್ದ.

ಅಧ್ಯಕ್ಷರು ಅಳಿಯನ ಗುಣಗಾನ ಮುಗಿಸಿ, ಎಂದಿನಂತೆ ಹೌದಮ್ಮನ ಕಡೆ ತಿರುಗಲು ಬಾಯಿ ತೆರೆದರು. ಅಷ್ಟರಲ್ಲಿ ಟೀಚರ್ ಎದ್ದಳು.

"ಹೋದ ಸಲ ಈ ಕೋಣೆಯಲ್ಲಿ ಒಬ್ಬರನ್ನ ಕತ್ತೆ ಅಂದೆ. ವಿಳಾಸ ತಪ್ಪಿತ್ತು. ಆ ಹೆಸರು ನನಗೇ ಸೇರಬೇಕಾದದ್ದು."

ಬಿಸ್ಕತ್ತು ಕಚ್ಚುವ ಸದ್ದು ನಿಂತಿತು.

"ನಾನು ಬಾಯಿ ಮುಚ್ಚಿ ಅಂದಿದ್ದೆ," ಅವಳು ಮೂಲೆಗೆ ತಿರುಗಿದಳು. "ಈಗ ದಯವಿಟ್ಟು ತೆರೀರಿ. ಹಿಂದಿನ ಬೆಂಚಿಗೂ ಕೇಳಿಸಬೇಕು."

ಅವನು ನಿಧಾನವಾಗಿ ಎದ್ದ. ಅವಳನ್ನು ನೋಡಿದ. ಆ ಬೆಳಕು ಹೆದರುತ್ತ ಹೆದರುತ್ತ ವಾಪಸು ಬಂತು.

"ಡಿಪೋದಲ್ಲಿ ಎಂದೂ ರದ್ದಾಗದ್ದನ್ನ ನಾನು ಬರೀತಿರಲಿಲ್ಲ. ಅದೇ ಅಭ್ಯಾಸದಲ್ಲಿ ಇಲ್ಲೂ ಬರೆಯಲಿಲ್ಲ. ಪದ್ಯದ ಪೀರಿಯಡ್ ಇಲ್ಲ ಅಂತ ಯಾರಾದ್ರೂ ಅಂದ್ಕೋಬಹುದು ಅಂತ ನನಗೆ ಹೊಳೆಯಲೇ ಇಲ್ಲ. ತಪ್ಪು ನನ್ನದು. ಶಾಲೆ ಡಿಪೋ ಅಲ್ಲ. ಇಲ್ಲಿ ಬರೆಯದೆ ಬಿಟ್ರೆ ಖಾಲಿ ಅಂತ ತಿಳ್ಕೊಂಡು ಬಂದು ಕೂತ್ಕೊಳ್ಳೋರಿದ್ದಾರೆ."

ಅಧ್ಯಕ್ಷರ ಮುಖ ಅವರ ಅಂಗಡಿಯಲ್ಲೂ ಸಿಗದ ಬಣ್ಣಕ್ಕೆ ತಿರುಗಿತು. "ಅದೆಲ್ಲ ಆಗಲ್ಲ! ಮತಕ್ಕೆ ಹಾಕಲೇಬೇಕು!"

"ಹಾಕಿ," ಎಂದಳು ಟೀಚರ್. ಅಧ್ಯಕ್ಷರು ತಿರುಗುವ ಮೊದಲೇ ಹೌದಮ್ಮನ ಮುಂದೆ ಬಗ್ಗಿ, ತರಗತಿಯ ಮೆತ್ತಗಿನ ದನಿಯಲ್ಲಿ ಕೇಳಿದಳು. "ಮಕ್ಕಳು ಪದ್ಯ ಹೇಳಬೇಕು, ಅಲ್ವಾ ತಾಯಿ?"

"ಹೌದು," ಎಂದಳು ಹೌದಮ್ಮ.

ಕೋಣೆಯಲ್ಲಿ ನಗು ಸಿಡಿಯಿತು. ಟೀಚರ್, ಟೈಮ್‌ಕೀಪರ್, ಹೌದಮ್ಮ, ಮೂವರ ಕೈ ಪದ್ಯದ ಪರವಾಗಿ ಮೇಲೆದ್ದಿತು. ಐದನೆಯವನು ಗಾಳಿ ಬೀಸಿದ ಕಡೆ ನೋಡಿ ಬಿಸ್ಕತ್ತು ಹಿಡಿದ ಕೈಯನ್ನೇ ಎತ್ತಿದ. ಅಧ್ಯಕ್ಷರು ಒಬ್ಬರೇ ಕೈ ಕಟ್ಟಿ ಕೂತರು.

*

ಎಲ್ಲರೂ ಹೋದ ಮೇಲೆ ಅವನು ಚಾರ್ಟಿನ ಮುಂದೆ ನಿಂತು, ಅದೇ ನೀಲಿ ಶಾಯಿಯಲ್ಲಿ, ಎಲ್ಲಕ್ಕಿಂತ ಮೇಲೆ ಬರೆದ. ಮೊದಲ ಪೀರಿಯಡ್, ಪದ್ಯ.

ಅವಳು ಹಿಂದೆಯೇ ನಿಂತಿದ್ದಳು. ಇಷ್ಟು ದಿನ ನಾಲಗೆಯ ತುದಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದ ಚುಚ್ಚುಮಾತುಗಳೆಲ್ಲ ಎಲ್ಲಿ ಹೋದವೋ... ಒಂದೂ ಕೈಗೆ ಸಿಗಲಿಲ್ಲ.

"ಆ ದಿನ ಕಿಟಕಿ ಹತ್ರ ನಾನಂದದ್ದು... ಅದಕ್ಕೆ ಕ್ಷಮೆ ಅಂತ ಕೇಳೋಕೂ ನನಗೆ ನಾಚಿಕೆ."

"ಬಿಡಿ ಟೀಚರ್. ಪದ್ಯ ಕೇಳಿಸ್ತಾ ಇತ್ತಲ್ಲ, ಅರ್ಧ ನೋವು ಅಲ್ಲೇ ಹೋಯ್ತು."

"ಇನ್ನರ್ಧ?"

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. "ನನ್ನ ಆ ಅಭ್ಯಾಸ ಇದೆಯಲ್ಲ... ಅದು ಬರೀ ಟೈಮ್‌ಟೇಬಲ್‌ಗೆ ಅಂತ ಅಲ್ಲ. ಎಂದೂ ಬದಲಾಗದೆ ಇರೋದನ್ನ ಹೇಳೋದು ಯಾಕೆ ಅಂದ್ಕೊಂಡು... ನಿಮಗೂ ಇಷ್ಟು ವರ್ಷ ಏನೂ ಹೇಳಲಿಲ್ಲ."

ಅವಳ ಎದೆ ಹದಿನಾರರ ಹುಡುಗಿಯ ಎದೆಯಂತೆ ಹೊಡೆದುಕೊಂಡಿತು. ಈ ವಯಸ್ಸಿನಲ್ಲಿ! ಈ ನರೆಗೂದಲಿನಲ್ಲಿ!

"ಬರೆಯದೆ ಬಿಟ್ರೆ ಖಾಲಿ ಅಂತ ತಿಳ್ಕೋತಾರೆ ಅಂದವರು ಯಾರು?"

"ನಾನೇ ಟೀಚರ್... ಆ ಕತ್ತೆ."

ಅವಳು ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ಹಾಗಾದ್ರೆ ಹೇಳಿ."

ಅವನು ಬಾಗಿಲ ಕಡೆ ನೋಡಿದ. ದನಿ ಪಿಸುಮಾತಾಗಿತ್ತು. "ನೀವಂದ್ರೆ ನನಗೆ ಇಷ್ಟ."

"ಕೇಳಿಸಲಿಲ್ಲ. ಹಿಂದಿನ ಬೆಂಚಿಗೂ ಕೇಳಿಸಬೇಕು!"

"ನೀವಂದ್ರೆ ನನಗೆ ಇಷ್ಟ ಟೀಚರ್!"

ಖಾಲಿ ಕಾರಿಡಾರ್ ಅದನ್ನು ಎತ್ತಿಕೊಂಡು ಹಾಲ್‌ವರೆಗೂ ಹೋಗಿ ಮುಟ್ಟಿಸಿ ಬಂತು.

"ಹ್ಞೂಂ... ಬಾಯಿಪಾಠ ಚೆನ್ನಾಗಿದೆ," ಎಂದಳು ಅವಳು, ಅವನ ಕೈಯಿಂದ ಪೆನ್ನು ತೆಗೆದುಕೊಳ್ಳುತ್ತ. ತೆಗೆದುಕೊಂಡ ಮೇಲೂ ಆ ಕೈಯನ್ನು ಬಿಡಲಿಲ್ಲ. "ನಾಳೆ ಮತ್ತೆ ಒಪ್ಪಿಸಬೇಕು."

"ಎಷ್ಟು ಹೊತ್ತಿಗೆ?"

"ಮೊದಲ ಪೀರಿಯಡ್. ಕಿಟಕಿ ಹತ್ರ ಅಲ್ಲ. ಒಳಗೆ... ನನ್ನ ಪಕ್ಕದಲ್ಲಿ."